ಕಿವಿಯಲ್ಲಿ ‘ದಿ ಹಾಬಿಟ್’: ಟೋಲ್ಕೀನ್ ಕಥೆಯನ್ನು ಆಡಿಯೋಬುಕ್ಕಾಗಿ ಕೇಳುವವರಿಗೆ ಸಮಗ್ರ ಮಾರ್ಗದರ್ಶಿ

ಜೆ. ಆರ್. ಆರ್. ಟೋಲ್ಕೀನ್ ಬರೆದ ‘ದಿ ಹಾಬಿಟ್’ ಪುಸ್ತಕವನ್ನು ನಾನು ಎರಡು ಸಲ ಶುರುಮಾಡಿ ಎರಡು ಸಲವೂ ಬಿಟ್ಟಿದ್ದೆ. ಕಥೆ ಬೇಜಾರಾಗಿ ಅಲ್ಲ. ಬಾಯಿಗೆ ಸಿಗದ ಹೆಸರುಗಳು, ಉದ್ದುದ್ದ ವಾಕ್ಯಗಳು, ನಡುನಡುವೆ ಹಾಡುಗಳು. ಕಣ್ಣು ಪುಟದ ಮೇಲೆ ಓಡುತ್ತಿತ್ತು, ಕಥೆ ಮಾತ್ರ ಒಳಗೆ ಇಳಿಯುತ್ತಿರಲಿಲ್ಲ. ಮೂರನೇ ಸಲ ಓದಲಿಲ್ಲ, ಕೇಳಿದೆ. ಅವರೆಕಾಯಿ ಕಾಲ ಅದು. ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಒಂದೊಂದೇ ಕಾಳು ಹಿತುಕುತ್ತಾ ಕೂತಿದ್ದೆ. ಅತ್ತ ಬಿಲ್ಬೋ ಬ್ಯಾಗಿನ್ಸ್ ಎಂಬ ಹಾಬಿಟ್‌ನ (ಮನುಷ್ಯರ ಅರ್ಧದಷ್ಟು ಎತ್ತರದ ಪುಟ್ಟ ಜನ ಇವರು) ಮನೆ ಬಾಗಿಲಿಗೆ ಒಬ್ಬರ ಹಿಂದೊಬ್ಬರಂತೆ ಗಡ್ಡದ ಕುಳ್ಳರಾದ ಡ್ವಾರ್ಫ್‌ಗಳು ಬಂದು ಗಂಟೆ ಬಾರಿಸುತ್ತಿದ್ದರು. ಹದಿಮೂರನೆಯವನು ಒಳಗೆ ಬರುವ ಹೊತ್ತಿಗೆ ಬಟ್ಟಲು ತುಂಬ ಬೇಳೆ ಆಗಿತ್ತು. ಪುಸ್ತಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇದೇ ಅಧ್ಯಾಯ. ಕಿವಿಗೆ ಅದು ಒಂಚೂರೂ ಕಷ್ಟವಾಗಲಿಲ್ಲ.

ಇಂಗ್ಲಿಷ್ ಓದೋಕೆ ಬರುತ್ತೆ, ಆದರೆ ದಪ್ಪ ಪುಸ್ತಕ ನೋಡಿದರೆ ಸುಸ್ತಾಗುತ್ತೆ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ಕಥೆಗೆ ಕಿವಿಯೇ ಹತ್ತಿರದ ದಾರಿ. ಕನ್ನಡದ ಕಿವಿಗಂತೂ ಇನ್ನೂ ಹತ್ತಿರ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಹೇಳಿದ್ದು, ಆಮೇಲೆ ಅಚ್ಚಾಗಿದ್ದು

ಟೋಲ್ಕೀನ್ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದರು. ‘ದಿ ಹಾಬಿಟ್’ ಅಚ್ಚಾಗಿದ್ದು 1937ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಎಷ್ಟೋ ಮುಂಚಿನಿಂದ ಅವರು ಈ ಕಥೆಯನ್ನು ರಾತ್ರಿ ಹೊತ್ತು ಮಕ್ಕಳಿಗೆ ಓದಿ ಹೇಳುತ್ತಿದ್ದರು. ಮೂರನೇ ಮಗ ಕ್ರಿಸ್ಟೋಫರ್ ಇನ್ನೂ ಪುಟ್ಟ ಹುಡುಗ. ಒಂದು ರಾತ್ರಿ ಅವನು ಅಪ್ಪನನ್ನು ನಿಲ್ಲಿಸಿ ಕೇಳಿದನಂತೆ: ಹೋದ ಸಲ ಬಿಲ್ಬೋ ಮನೆ ಬಾಗಿಲು ನೀಲಿ ಅಂದಿರಿ, ಡ್ವಾರ್ಫ್ ಥೋರಿನ್‌ನ ಟೋಪಿಯ ಕುಚ್ಚು ಚಿನ್ನದ್ದು ಅಂದಿರಿ, ಈಗ ಬಾಗಿಲು ಹಸಿರು, ಕುಚ್ಚು ಬೆಳ್ಳಿ ಅಂತೀರಲ್ಲ? ಅಪ್ಪ ಗೊಣಗಿಕೊಂಡು ಎದ್ದು ಹೋಗಿ ಅದನ್ನು ಬರೆದಿಟ್ಟುಕೊಂಡರು. ಈಗ ಪುಸ್ತಕದಲ್ಲಿ ಬಾಗಿಲು ಹಸಿರು, ಕುಚ್ಚು ಬೆಳ್ಳಿ. ನೀವು ಕೇಳುವಾಗ ಮೊದಲ ಕೆಲವೇ ನಿಮಿಷಗಳಲ್ಲಿ ಆ ಹಸಿರು ಬಾಗಿಲು ಬರುತ್ತದೆ, ಗಮನಿಸಿ.

ಇದರ ಮುಂದುವರಿಕೆಯಾದ ದೊಡ್ಡ ಕಥೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೂಡ ಹೀಗೇ ಬೆಳೆಯಿತು. ಬರೆದಷ್ಟು ಅಧ್ಯಾಯಗಳನ್ನು ಟೋಲ್ಕೀನ್ ಗೆಳೆಯರ ಗುಂಪಿನಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ‘ಇಂಕ್ಲಿಂಗ್ಸ್’ ಅಂತ ಆ ಗುಂಪಿನ ಹೆಸರು. ಲೇಖಕ ಸಿ. ಎಸ್. ಲೂಯಿಸ್ ಅವರ ಕಾಲೇಜು ಕೋಣೆಯಲ್ಲಿ ಸೇರುತ್ತಿದ್ದರು. ಇದರ ವಾಕ್ಯಗಳಿಗೆ ಉಸಿರಿನ ಅಳತೆ ಇರುವುದು ಅದಕ್ಕೇ. ಕಣ್ಣಿಗೆ ಉದ್ದ ಅನ್ನಿಸುವ ವಾಕ್ಯ ಬಾಯಿಗೆ ಸರಿಯಾಗಿ ಹೊಂದುತ್ತದೆ.

ಹೆಜ್ಜೆ 1: ಚಿಕ್ಕದರಿಂದ ಶುರುಮಾಡಿ

ಸಿನಿಮಾ ನೋಡಿದವರು ನೇರವಾಗಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಹಾಕಿಕೊಳ್ಳುತ್ತಾರೆ. ಬೇಡ. ‘ದಿ ಹಾಬಿಟ್’ 19 ಅಧ್ಯಾಯ, ಪೂರ್ತಿ ಕೇಳಲು ಹತ್ತು ಹನ್ನೊಂದು ಗಂಟೆ. ದಿನಕ್ಕೊಂದು ಅಧ್ಯಾಯ ಅಂದರೂ ಮೂರು ವಾರದೊಳಗೆ ಮುಗಿಯುತ್ತದೆ. ದೊಡ್ಡ ಕಥೆ 62 ಅಧ್ಯಾಯ, ಐವತ್ತು ಗಂಟೆಗೂ ಜಾಸ್ತಿ.

ಬರೀ ಉದ್ದದ ಪ್ರಶ್ನೆ ಅಲ್ಲ ಇದು. ‘ದಿ ಹಾಬಿಟ್’ನಲ್ಲಿ ಕಥೆ ಹೇಳುವವನೊಬ್ಬ ಇದ್ದಾನೆ. ಆಗಾಗ ನಮ್ಮ ಕಡೆ ತಿರುಗಿ ಮಾತಾಡುತ್ತಾನೆ. ಇದನ್ನು ಆಮೇಲೆ ಹೇಳ್ತೀನಿ ಅನ್ನುತ್ತಾನೆ, ನಿಮಗೆ ಗೊತ್ತಿರಬೇಕಲ್ಲ ಅನ್ನುತ್ತಾನೆ. ಮೊದಲ ಸಲ ಆಡಿಯೋಬುಕ್ ಕೇಳುವವರಿಗೆ ಈ ಧಾಟಿ ತುಂಬಾ ಸಹಾಯ ಮಾಡುತ್ತದೆ, ಅಜ್ಜಿ ಪಕ್ಕದಲ್ಲಿ ಕೂತು ಹೇಳಿದ ಹಾಗೆ.

ಹೆಜ್ಜೆ 2: ಯಾರ ದನಿ ಬೇಕು?

ನೀವು ಮನಸ್ಸಿಟ್ಟು ತೀರ್ಮಾನಿಸಬೇಕಾದ ವಿಷಯ ಇದು. ಹತ್ತು ಗಂಟೆ ಒಂದೇ ದನಿಯ ಜೊತೆ ಇರಬೇಕು ಅಲ್ವಾ?

ಇಂಗ್ಲಿಷ್‌ನಲ್ಲಿ ಪೂರ್ತಿ ಪಠ್ಯವನ್ನು ಓದಿದ ಎರಡು ಆವೃತ್ತಿಗಳ ಹೆಸರು ಹೆಚ್ಚಾಗಿ ಕೇಳಿಬರುತ್ತದೆ. ಒಂದು ರಾಬ್ ಇಂಗ್ಲಿಸ್ ಅವರದು, 1990ರ ಆಸುಪಾಸಿನ ಧ್ವನಿಮುದ್ರಣ. ಅದಕ್ಕೂ ಮುಂಚೆ ಅವರು ಇದೇ ಕಥೆಗಳನ್ನು ಒಬ್ಬರೇ ವೇದಿಕೆಯ ಮೇಲೆ ಅಭಿನಯಿಸುತ್ತಿದ್ದರು. ಓದು ನಿಧಾನ, ಗಂಭೀರ. ಹಾಡು ಬಂದರೆ ರಾಗ ಹಾಕಿ ಹಾಡುತ್ತಾರೆ. ಇನ್ನೊಂದು ಆಂಡಿ ಸರ್ಕಿಸ್ ಅವರದು. ಈ ಕಥೆಗಳ ಸಿನಿಮಾಗಳಲ್ಲಿ ಗೊಲ್ಲಮ್ ಎಂಬ ಕತ್ತಲಗುಹೆಯ ಜೀವಿ ಆಗಿದ್ದ ನಟ ಇವರೇ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಸಹಾಯ ನಿಧಿಗಾಗಿ ಒಂದೇ ದಿನ ಕೂತು ಇಡೀ ‘ದಿ ಹಾಬಿಟ್’ ಅನ್ನು ಆನ್‌ಲೈನ್‌ನಲ್ಲಿ ಓದಿದರು. ಅದೇ ವರ್ಷ ಅವರ ಆಡಿಯೋಬುಕ್ ಬಂತು, 2021ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬಂತು. ಇವರ ಓದು ಪೂರಾ ಅಭಿನಯ. ಒಬ್ಬೊಬ್ಬ ಪಾತ್ರಕ್ಕೂ ಬೇರೆ ಬೇರೆ ದನಿ, ಬೇರೆ ಬೇರೆ ಊರಿನ ಉಚ್ಚಾರ.

ಯಾವುದು ಒಳ್ಳೆಯದು? ಕೇಳುವ ಜಾಗ ನೋಡಿ ಆರಿಸಿ. ರಾತ್ರಿ ದೀಪ ಆರಿಸಿ ಮಲಗಿ ಕೇಳುವವರಿಗೆ ಇಂಗ್ಲಿಸ್. ಸಂಭಾಷಣೆಯಲ್ಲಿ ಯಾರು ಮಾತಾಡುತ್ತಿದ್ದಾರೆ ಅಂತ ಗೊಂದಲ ಆಗುವವರಿಗೆ ಸರ್ಕಿಸ್, ಯಾಕಂದ್ರೆ ದನಿಯಲ್ಲೇ ಗೊತ್ತಾಗುತ್ತದೆ. ಆದರೆ ಅವರು ಪಿಸುಗುಟ್ಟಿದರೆ ನಿಜವಾಗಿ ಪಿಸುಮಾತೇ. ಬಸ್ಸಿನ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ. ಕೇಳಿಸಲಿ ಅಂತ ವಾಲ್ಯೂಮ್ ಏರಿಸಿದರೆ ಮರುಕ್ಷಣ ಯಾರೋ ಕಿರುಚುತ್ತಾರೆ. ನನಗೆ ಮೊದಲ ಸಲಕ್ಕೆ ಸರ್ಕಿಸ್, ಎರಡನೇ ಸಲಕ್ಕೆ ಇಂಗ್ಲಿಸ್ ಹಿಡಿಸಿತು.

ಕೊಳ್ಳುವ ಮುಂಚೆ ಸ್ಯಾಂಪಲ್ ಕೇಳಿ. ಸುಮ್ನೆ ಸೋಫಾದಲ್ಲಿ ಕೂತು ಅಲ್ಲ. ನೀವು ದಿನಾ ಎಲ್ಲಿ ಕೇಳುತ್ತೀರೋ ಅಲ್ಲೇ ಕೇಳಿ. ಅಡುಗೆಮನೆ ಆದರೆ ಕುಕ್ಕರ್ ಇಟ್ಟು, ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡು ಕೇಳಿ. ಐದು ನಿಮಿಷದಲ್ಲಿ ಮುಕ್ಕಾಲು ಪಾಲು ಮಾತು ಹಿಡಿದರೆ ಸಾಕು. ಉಳಿದದ್ದು ತಾನಾಗಿ ಬರುತ್ತದೆ.

ಇನ್ನೊಂದು ಎಚ್ಚರಿಕೆ. ನಾನು ಮೊದಲು ಕೊಂಡಿದ್ದು ನಾಲ್ಕು ಗಂಟೆಯ ರೂಪ. ಮುಖಪುಟ ನೋಡಿ ಕೊಂಡುಬಿಟ್ಟೆ, ಸಮಯ ನೋಡಲಿಲ್ಲ. ಅದು ನಾಟಕ ರೂಪ ಆಗಿತ್ತು. ‘ದಿ ಹಾಬಿಟ್’ ಹತ್ತು ಗಂಟೆಗಿಂತ ತುಂಬಾ ಕಡಿಮೆ ಇದ್ದರೆ ಅದು ನಾಟಕ ಇರಬೇಕು, ಇಲ್ಲ ಸಂಕ್ಷಿಪ್ತ ಇರಬೇಕು. ‘ಅನ್‌ಅಬ್ರಿಜ್ಡ್’ (ಕತ್ತರಿಸದ ಪೂರ್ತಿ ಪಠ್ಯ) ಅನ್ನುವ ಮಾತು ಇದೆಯಾ ನೋಡಿಕೊಳ್ಳಿ. ನಾಟಕ ಕೆಟ್ಟದ್ದು ಅಂತಲ್ಲ. ಬಿಬಿಸಿ ರೇಡಿಯೋ 1981ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಅರ್ಧರ್ಧ ಗಂಟೆಯ 26 ಕಂತುಗಳಲ್ಲಿ ಮಾಡಿತು. ಅದರಲ್ಲಿ ಕಥಾನಾಯಕ ಫ್ರೋಡೋ ಆಗಿದ್ದ ಇಯಾನ್ ಹೋಮ್ ಅವರೇ ಮುಂದೆ ಪೀಟರ್ ಜಾಕ್ಸನ್ ಸಿನಿಮಾದಲ್ಲಿ ಬಿಲ್ಬೋ ಆದರು. ಬಹಳ ಚೆನ್ನಾಗಿದೆ, ಆದರೆ ಪೂರ್ತಿ ಪಠ್ಯ ಕೇಳಿದ ಮೇಲೆ ಕೇಳಿ.

ಹೆಜ್ಜೆ 3: ಎಲ್ಲಿಂದ ತರುವುದು

ಆಡಿಬಲ್, ಗೂಗಲ್ ಪ್ಲೇ ಬುಕ್ಸ್, ಆ್ಯಪಲ್ ಬುಕ್ಸ್‌ನಂಥ ಕಡೆ ಹುಡುಕಿ. ನಿಮ್ಮ ಖಾತೆ ಯಾವ ದೇಶದ್ದೋ ಅದರ ಮೇಲೆ ಯಾವ ಆವೃತ್ತಿ ಸಿಗುತ್ತದೆ ಅನ್ನುವುದು ನಿಂತಿದೆ. ಅಮೆರಿಕ, ಕೆನಡಾ, ಇಂಗ್ಲೆಂಡ್ ಕಡೆ ಇರುವ ಕನ್ನಡಿಗರು ಕೊಳ್ಳುವ ಮುಂಚೆ ಊರಿನ ಲೈಬ್ರರಿಯಲ್ಲಿ ವಿಚಾರಿಸಿ. ಲೈಬ್ರರಿ ಕಾರ್ಡ್ ಇದ್ದರೆ ಲಿಬ್ಬಿ ಆ್ಯಪ್‌ನಲ್ಲಿ ಪುಕ್ಕಟೆ ಎರವಲು ಸಿಗಬಹುದು. ಇಂಥ ಪುಸ್ತಕಕ್ಕೆ ಸರದಿ ಉದ್ದ ಇರುತ್ತದೆ, ಇವತ್ತೇ ಹೆಸರು ಹಚ್ಚಿಬಿಡಿ.

ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಪೂರ್ತಿ ಪುಸ್ತಕದ ಆಡಿಯೋಗಳು ಸಾಮಾನ್ಯವಾಗಿ ಹಕ್ಕುದಾರರ ಅನುಮತಿ ಇಲ್ಲದೆ ಹಾಕಿದವು. ಟೋಲ್ಕೀನ್ ತೀರಿಕೊಂಡದ್ದು 1973ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಅಂದರೆ 2033 ಮುಗಿಯುವವರೆಗೂ ಇದೆ. ದುಡ್ಡು ಕೊಡುವ ಮುಂಚೆ ಇಂಗ್ಲಿಷ್ ಆಡಿಯೋಬುಕ್ ನಿಮಗೆ ಒಗ್ಗುತ್ತದಾ ಅಂತ ನೋಡಬೇಕಿದ್ದರೆ ಲಿಬ್ರಿವಾಕ್ಸ್‌ಗೆ ಹೋಗಿ. ಹಕ್ಕು ಮುಗಿದ ಹಳೆಯ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಅಲ್ಲಿ ಇಟ್ಟಿದ್ದಾರೆ. ಜಾರ್ಜ್ ಮ್ಯಾಕ್‌ಡೊನಾಲ್ಡ್ 1872ರಲ್ಲಿ ಬರೆದ ‘ದಿ ಪ್ರಿನ್ಸೆಸ್ ಅಂಡ್ ದಿ ಗಾಬ್ಲಿನ್’ ಹಾಕಿಕೊಳ್ಳಿ. ಟೋಲ್ಕೀನ್ ಕಥೆಯಲ್ಲಿ ಬೆಟ್ಟದಡಿ ಇರುವ ದುಷ್ಟ ಗಾಬ್ಲಿನ್‌ಗಳಿಗೆ ಮ್ಯಾಕ್‌ಡೊನಾಲ್ಡ್ ಗಾಬ್ಲಿನ್‌ಗಳ ಋಣ ಇದೆ.

ಹೆಜ್ಜೆ 4: ಹೆಸರಿನ ಚೀಟಿ, ಕನ್ನಡದಲ್ಲೇ

ಯಾರು ಯಾವ ಹೆಜ್ಜೆ ಬಿಟ್ಟರೂ ಇದೊಂದನ್ನು ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಆಡಿಯೋಬುಕ್ ಬಿಡುವವರಲ್ಲಿ ಬಹಳ ಜನ ಬಿಡುವುದು ಹೆಸರು ಕಲಸಿಹೋಗಿ. ಪುಸ್ತಕದಲ್ಲಿ ಹಿಂದಿನ ಪುಟ ತಿರುಗಿಸಿ ನೋಡಬಹುದು, ಕಿವಿಗೆ ಹಿಂದಿನ ಪುಟ ಇಲ್ಲ. ಅದಕ್ಕೆ ಒಂದು ಅರ್ಧ ಹಾಳೆ ತಗೊಂಡು ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್‌ನಲ್ಲಿ ಬೇಡ. ಯಾಕಂದ್ರೆ ನೀವು ಕೇಳುವುದು ಸದ್ದನ್ನು, ಕನ್ನಡ ಬರೆಯುವುದೂ ಸದ್ದನ್ನೇ. ಇಂಗ್ಲಿಷ್ ಕಾಗುಣಿತ ನೋಡಿದರೆ ಬೆಟ್ಟದೊಳಗಿನ ಡ್ರ್ಯಾಗನ್ ಹೆಸರು ಸ್ಮಾಗ್ ಅನ್ನಿಸುತ್ತದೆ. ಓದುವವರು ಹೇಳುವುದು ಸ್ಮೌಗ್. ನಮ್ಮ ‘ಔ’ ಸರಿಯಾಗಿ ಕೂರುತ್ತದೆ.

ಟೋಲ್ಕೀನ್‌ಗೆ ಭಾಷೆಯೇ ಉಸಿರು. ದೊಡ್ಡ ಕಥೆಯ ಕೊನೆಯ ಅನುಬಂಧಗಳಲ್ಲಿ ಒಂದನ್ನು ಉಚ್ಚಾರಕ್ಕೂ ಲಿಪಿಗೂ ಮೀಸಲಿಟ್ಟಿದ್ದಾರೆ. ಅದರ ಎರಡು ಮೂರು ನಿಯಮ ನೋಡಿದಾಗ ನನಗೆ ತುಂಬಾ ಖುಷಿಯಾಯಿತು. ಎಲ್ಫ್ ಎಂಬ ಅಮರ ಜನರ ಹೆಸರಿನಲ್ಲಿ ಇಂಗ್ಲಿಷಿನ ‘ಸಿ’ ಅಕ್ಷರ ಬಂದರೆ ಅದು ಯಾವಾಗಲೂ ‘ಕ’. ಹಾಗಾಗಿ ಸೆಲೆಬಾರ್ನ್ ಅಲ್ಲ, ಕೆಲೆಬೊರ್ನ್. ಸ್ವರದ ಮೇಲೆ ಗೆರೆ ಇದ್ದರೆ ದೀರ್ಘ, ಹಾಗಾಗಿ ಲೋರಿಯೆನ್. ‘ರ’ ಎಲ್ಲಿ ಬಂದರೂ ನಾಲಗೆ ಆಡಿಸಿ ಹೇಳಬೇಕು, ನುಂಗಬಾರದು. ಇಂಗ್ಲಿಷರಲ್ಲಿ ಬಹಳ ಜನ ಮಾತಿನಲ್ಲಿ ‘ರ’ ನುಂಗುತ್ತಾರೆ, ಅವರಿಗೆ ಇದನ್ನು ಬರೆದು ಹೇಳಬೇಕಾಯಿತು. ನಮಗೆ ಹೇಳಿಕೊಡಬೇಕಾ? ಮೊರ್ಡೊರ್ ಅಂತ ಒಂದು ಸಲ ಗಟ್ಟಿಯಾಗಿ ಅಂದು ನೋಡಿ. ಎರಡು ‘ರ’ವೂ ನಮ್ಮ ಬಾಯಲ್ಲಿ ಹುಟ್ಟಿನಿಂದಲೇ ಇದೆ. ಹ್ರಸ್ವ ದೀರ್ಘ ಬಿಡಿಸಿ ಬರೆಯುವ, ಬರೆದಂತೆ ಓದುವ ಲಿಪಿ ಇರುವ ನಾವು ಈ ಹೆಸರುಗಳಿಗೆ ಹೆದರಬೇಕಾಗಿಯೇ ಇಲ್ಲ.

‘ದಿ ಹಾಬಿಟ್’ಗೆ ನನ್ನ ಚೀಟಿ ಹೀಗಿತ್ತು. ಮೇಲೆ ಬಿಲ್ಬೋ, ಪಕ್ಕದಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್. ಕೆಳಗೆ ಡ್ವಾರ್ಫ್‌ಗಳು, ಮನೆಗೆ ಬಂದ ಸರದಿಯ ಪ್ರಕಾರ: ದ್ವಾಲಿನ್, ಬಾಲಿನ್. ಕೀಲಿ, ಫೀಲಿ. ಡೋರಿ, ನೋರಿ, ಓರಿ. ಓಯಿನ್, ಗ್ಲೋಯಿನ್. ಬಿಫುರ್, ಬೊಫುರ್, ಬೊಂಬುರ್. ಕೊನೆಗೆ ಥೋರಿನ್. ಪ್ರಾಸ ಇದೆ ನೋಡಿ. ಇವುಗಳಲ್ಲಿ ಹೆಚ್ಚಿನ ಹೆಸರುಗಳನ್ನು ಟೋಲ್ಕೀನ್ ತಂದದ್ದು ‘ವೊಲುಸ್ಪಾ’ ಎಂಬ ಹಳೆಯ ನಾರ್ಸ್ ಕಾವ್ಯದಿಂದ. ಅಲ್ಲಿ ಡ್ವಾರ್ಫ್‌ಗಳ ಹೆಸರಿನದೇ ಒಂದು ಪಟ್ಟಿ ಪದ್ಯದಲ್ಲಿದೆ. ಬಾಯಲ್ಲಿ ಹೇಳೋಕೆ ಅಂತಲೇ ಕಟ್ಟಿದ ಪಟ್ಟಿ ಅದು. ಒಂದೆರಡು ಸಲ ಗಟ್ಟಿಯಾಗಿ ಹೇಳಿಕೊಂಡರೆ ಮಗ್ಗಿ ಥರ ನಾಲಗೆಗೆ ಹತ್ತುತ್ತದೆ.

ಹದಿಮೂರೂ ನೆನಪಿರಬೇಕಾಗಿಲ್ಲ. ಯಜಮಾನ ಥೋರಿನ್, ಬಿಲ್ಬೋ ಮೇಲೆ ವಿಶ್ವಾಸ ಇರುವ ಹಿರಿಯ ಬಾಲಿನ್, ದಪ್ಪಗಿರುವ ಬೊಂಬುರ್, ಚಿಕ್ಕ ವಯಸ್ಸಿನ ಕೀಲಿ ಮತ್ತು ಫೀಲಿ. ಇಷ್ಟು ಗೊತ್ತಿದ್ದರೆ ಕಥೆ ತಪ್ಪುವುದಿಲ್ಲ. ಗ್ಲೋಯಿನ್ ಹೆಸರಿನ ಕೆಳಗೆ ಒಂದು ಗೆರೆ ಎಳೆದಿಡಿ. ದೊಡ್ಡ ಕಥೆಯಲ್ಲಿ ಬರುವ ಗಿಮ್ಲಿ ಅವನ ಮಗ.

ಚೀಟಿಯ ಕೆಳಗೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಅದೇ ನಕ್ಷೆ. ಎಡ ತುದಿಯಲ್ಲಿ ಬಿಲ್ಬೋ ಮನೆ. ಆಮೇಲೆ ರಿವೆಂಡೆಲ್, ಮಂಜಿನ ಬೆಟ್ಟಸಾಲು, ಮಿರ್ಕ್‌ವುಡ್ ಕಾಡು, ಸರೋವರದ ಮೇಲಿನ ಊರು, ಬಲ ತುದಿಯಲ್ಲಿ ಸ್ಮೌಗ್ ಮಲಗಿರುವ ಒಂಟಿ ಬೆಟ್ಟ. ಪ್ರಯಾಣ ಪಶ್ಚಿಮದಿಂದ ಪೂರ್ವಕ್ಕೆ. ಪುಸ್ತಕದ ನಕ್ಷೆಗಳನ್ನು ಟೋಲ್ಕೀನ್ ಅವರೇ ಬರೆದಿದ್ದಾರೆ. ಸಿಕ್ಕರೆ ನೋಡಿ, ಆದರೆ ಥೋರಿನ್‌ನ ಅಜ್ಜ ಥ್ರೋರ್‌ನ ನಕ್ಷೆಯಲ್ಲಿ ಮೇಲ್ಗಡೆ ಇರುವುದು ಉತ್ತರ ಅಲ್ಲ, ಪೂರ್ವ. ನಾನು ಬಹಳ ಹೊತ್ತು ಅದನ್ನು ತಪ್ಪಾಗಿ ನೋಡುತ್ತಿದ್ದೆ.

ಹೆಜ್ಜೆ 5: ಮೊದಲ ಅಧ್ಯಾಯಕ್ಕೆ ಜಾಗ ಮಾಡಿ

ಮೊದಲ ಅಧ್ಯಾಯವನ್ನು ದಾರಿಯಲ್ಲಿ ಕೇಳಬೇಡಿ. ಮನೆಯಲ್ಲಿ, ಯಾರೂ ಕರೆಯದ ಹೊತ್ತಿನಲ್ಲಿ, ಚೀಟಿ ಎದುರಿಗಿಟ್ಟುಕೊಂಡು ಕೇಳಿ. ವೇಗ ಒಂದರಲ್ಲೇ ಇರಲಿ. ಪಾಡ್‌ಕಾಸ್ಟ್ ಕೇಳುವವರಿಗೆ ಒಂದೂವರೆ ಪಟ್ಟು ವೇಗದ ಅಭ್ಯಾಸ ಇರುತ್ತದೆ. ಸುದ್ದಿಗೆ ಅದು ಸರಿ, ಇಲ್ಲಿ ಕೆಡುತ್ತದೆ. ವಾಕ್ಯದ ಕೊನೆಯ ಆ ಸಣ್ಣ ನಿಲುಗಡೆಯಲ್ಲೇ ಎಷ್ಟೋ ಸಲ ನಗು ಇರುತ್ತದೆ. ಉಚ್ಚಾರ ಹಿಡಿಯದಿದ್ದರೆ 0.9ಕ್ಕೆ ಇಳಿಸಿಕೊಳ್ಳಿ, ಎರಡು ಅಧ್ಯಾಯ ಆದ ಮೇಲೆ ವಾಪಸ್ ತನ್ನಿ.

ಒಂದೊಂದು ಸಲ ಗಂಟೆ ಬಾರಿಸಿದಾಗಲೂ ಬಿಲ್ಬೋ ಹೇಗೆ ಒದ್ದಾಡುತ್ತಾನೆ ಗಮನಿಸಿ. ಹೇಳದೆ ಕೇಳದೆ ನೆಂಟರು ಬರುತ್ತಲೇ ಇದ್ದಾರೆ, ತಿಂಡಿ ಸಾಲುತ್ತದೋ ಇಲ್ಲವೋ, ತನಗೇ ಉಳಿಯದೆ ಹೋದರೆ ಏನು ಗತಿ. ಬಾಯಲ್ಲಿ ಮಾತ್ರ ಬನ್ನಿ ಬನ್ನಿ ಅನ್ನುತ್ತಲೇ ಇರಬೇಕು. ಈ ಸಂಕಟ ಅರ್ಥವಾಗದ ಕನ್ನಡದ ಮನೆ ಯಾವುದಿದೆ?

ಗೊತ್ತಿಲ್ಲದ ಪದ ಬಂತು ಅಂತ ನಿಲ್ಲಿಸಬೇಡಿ. ಬಿಟ್ಟು ಮುಂದೆ ಹೋಗಿ. ಮೂರನೇ ಸಲವೂ ಅದೇ ಪದ ಬಂದರೆ ಆಗ ಅರ್ಥ ನೋಡಿ.

ಹೆಜ್ಜೆ 6: ಯಾವ ಕೆಲಸದ ಜೊತೆ?

ಕೈಗೆ ಕೆಲಸ ಇರಬೇಕು, ತಲೆ ಖಾಲಿ ಇರಬೇಕು. ಬಟ್ಟೆ ಮಡಚುವುದು, ಸೊಪ್ಪು ಬಿಡಿಸುವುದು, ಪಾತ್ರೆ ತೊಳೆಯುವುದು, ಇಸ್ತ್ರಿ, ಪಾರ್ಕಿನಲ್ಲಿ ವಾಕಿಂಗ್. ಮೇಲೋಗರ ಕುದಿಯುವಾಗ ಕೈಯಾಡಿಸುವುದು ಸರಿ. ಆದರೆ ಹೊಸ ಅಡುಗೆ ಮಾಡುವಾಗ ಬೇಡ, ಉಪ್ಪು ಹಾಕಿದ್ದೇ ಮರೆತುಹೋಗುತ್ತದೆ. ಲೆಕ್ಕ ಬರೆಯುವಾಗ, ಮೆಸೇಜ್ ಕಳಿಸುವಾಗ ಕೇಳಬೇಡಿ. ಒಂದು ಮಾತು ಬರೆಯುವ ಮನಸ್ಸು ಅದೇ ಹೊತ್ತಿಗೆ ಇನ್ನೊಂದು ಮಾತು ಕೇಳಲಾರದು.

ರಸ್ತೆಯಲ್ಲಿ ನಡೆಯುವಾಗ ಒಂದು ಕಿವಿಗೆ ಮಾತ್ರ. ಟೂವೀಲರ್ ಮೇಲೆ ಬೇಡವೇ ಬೇಡ.

ದೂರದ ಪ್ರಯಾಣ ಇದ್ದರೆ ಹಿಂದಿನ ರಾತ್ರಿಯೇ ವೈಫೈನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ. ಆಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪ್ಲೇ ಒತ್ತಿ. ಆಗಲೂ ಓಡಿದರೆ ಫೈಲ್ ನಿಜವಾಗಿ ಇಳಿದಿದೆ ಅಂತ ಅರ್ಥ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಇಳಿಯುವ ಘಾಟಿ ರೈಲಿನಲ್ಲಿ ನನಗೆ ಈ ಬುದ್ಧಿ ಬಂತು. ಅಲ್ಲಿ 57 ಸುರಂಗಗಳಿವೆ, ಸಿಗ್ನಲ್ ನಿಲ್ಲುವುದಿಲ್ಲ. ಅವತ್ತು ಫೈಲ್ ಪೂರ್ತಿ ಇಳಿದಿರಲಿಲ್ಲ, ಕಥೆ ಅರ್ಧದಲ್ಲಿ ನಿಂತಿತು. ಮುಂದಿನ ಸಲ ಸರಿಯಾಗಿ ಇಳಿಸಿಕೊಂಡು ಅದೇ ರೈಲಿನಲ್ಲಿ ಗಾಬ್ಲಿನ್ ಗುಹೆಯ ಅಧ್ಯಾಯ ಕೇಳಿದೆ. ಕಿಟಕಿಯಾಚೆ ಬೆಳಕು, ಕತ್ತಲೆ, ಬೆಳಕು, ಕತ್ತಲೆ. ಸಾಧ್ಯವಾದರೆ ನೀವೂ ಹಾಗೆ ಕೇಳಿ.

ಹೆಜ್ಜೆ 7: ಎಳೆ ತಪ್ಪಿದರೆ

ತಪ್ಪೇ ತಪ್ಪುತ್ತದೆ. ಎಲ್ಲರಿಗೂ. ಒಂದು ನಿಮಿಷದಷ್ಟು ತಪ್ಪಿದ್ದರೆ ಹಿಂದಕ್ಕೆ ಹೋಗುವ ಬಟನ್ ಎರಡು ಸಲ ಒತ್ತಿ. ಹತ್ತು ನಿಮಿಷ ತಪ್ಪಿದ್ದರೆ ಅಲ್ಲಿ ಇಲ್ಲಿ ಹುಡುಕುತ್ತಾ ಕೂರಬೇಡಿ, ನೇರವಾಗಿ ಅಧ್ಯಾಯದ ತಲೆಗೆ ಹೋಗಿ. ಹುಡುಕುವಾಗ ಮುಂದಿನ ಗುಟ್ಟು ಕಿವಿಗೆ ಬಿದ್ದರೆ ಬೇಜಾರು.

ಮಲಗಿ ಕೇಳುವವರು ಸ್ಲೀಪ್ ಟೈಮರ್ ಹದಿನೈದು ನಿಮಿಷಕ್ಕೆ ಇಡಿ. ಅಧ್ಯಾಯದ ಕೊನೆಗೆ ಇಟ್ಟರೆ ಮುಕ್ಕಾಲು ಗಂಟೆಯ ಕಥೆ ನಿದ್ದೆಯಲ್ಲಿ ಹೋಗುತ್ತದೆ. ಟೈಮರ್ ಹಾಕುವ ಮುಂಚೆ ಒಂದು ಬುಕ್‌ಮಾರ್ಕ್ ಒತ್ತಿ. ಬೆಳಿಗ್ಗೆ ಅಲ್ಲಿಂದ ಶುರು.

ಮೂರು ನಾಲ್ಕು ದಿನ ಬಿಟ್ಟುಹೋಗಿದ್ದರೆ ಹಿಂದಿನ ಅಧ್ಯಾಯದ ಕೊನೆಯ ಐದು ನಿಮಿಷ ಮತ್ತೆ ಕೇಳಿ ಮುಂದುವರಿಯಿರಿ.

ಹೆಜ್ಜೆ 8: ಐದನೇ ಅಧ್ಯಾಯದಲ್ಲಿ ಪಾಸ್ ಬಟನ್

ಐದನೇ ಅಧ್ಯಾಯ ಇಡೀ ಪುಸ್ತಕದ ಜೀವ. ಬಿಲ್ಬೋ ಬೆಟ್ಟದ ಅಡಿಯ ಕತ್ತಲಲ್ಲಿ ಒಬ್ಬನೇ ಸಿಕ್ಕಿಹಾಕಿಕೊಂಡಿದ್ದಾನೆ. ಗೊಲ್ಲಮ್ ಎದುರಾಗುತ್ತಾನೆ. ಇಬ್ಬರೂ ಒಗಟಿನ ಪಂದ್ಯ ಕಟ್ಟುತ್ತಾರೆ. ಸೋತರೆ ಬಿಲ್ಬೋ ಅವನ ಊಟ.

ಪ್ರತಿ ಒಗಟು ಮುಗಿದ ಕೂಡಲೇ ಪಾಸ್ ಒತ್ತಿ. ನೀವೇ ಉತ್ತರ ಹುಡುಕಿ. ‘ಅಬ್ಬಬ್ಬ ಹಬ್ಬ ಬಂತು, ಸಿಹಿ ಕಹಿ ಎರಡೂ ತಂತು’ ಅಂದರೆ ಯುಗಾದಿ ಅಂತ ಥಟ್ಟನೆ ಹೇಳುತ್ತೇವಲ್ಲ, ಅದೇ ಜಾತಿಯ ಒಗಟುಗಳು ಇವು. ಉತ್ತರಗಳೆಲ್ಲ ದಿನಾ ಕಾಣುವ, ಎಲ್ಲರಿಗೂ ಗೊತ್ತಿರುವ ಸಂಗತಿಗಳೇ. ಪುಟದಲ್ಲಾದರೆ ಕಣ್ಣು ತಡೆಯದೆ ಮುಂದಿನ ಸಾಲಿಗೆ ಜಾರಿ ಉತ್ತರ ನೋಡಿಬಿಡುತ್ತದೆ. ಕೇಳುವಾಗ ಆ ಭಯ ಇಲ್ಲ.

ಈ ಅಧ್ಯಾಯ 1937ರಲ್ಲಿ ಬೇರೆ ಥರ ಇತ್ತು. ಗೊಲ್ಲಮ್ ಪಂದ್ಯದಲ್ಲಿ ಸೋತರೆ ತನ್ನ ಬಳಿಯಿದ್ದ ಮಾಯದ ಉಂಗುರವನ್ನು ತಾನೇ ಬಹುಮಾನವಾಗಿ ಕೊಡುತ್ತೇನೆ ಅಂದಿದ್ದ. ಮುಂದೆ ದೊಡ್ಡ ಕಥೆ ಬರೆಯುವಾಗ ಆ ಉಂಗುರ ಯಾರೂ ಮನಸಾರೆ ಬಿಟ್ಟುಕೊಡಲಾರದ ವಸ್ತುವಾಯಿತು. ಅದಕ್ಕೆ 1951ರ ಆವೃತ್ತಿಯಲ್ಲಿ ಟೋಲ್ಕೀನ್ ಇದನ್ನು ತಿದ್ದಿ ಬರೆದರು. ನೀವು ಕೇಳುವುದು ಈ ತಿದ್ದಿದ ರೂಪ.

ಟೋಲ್ಕೀನ್ ಅವರೇ ಈ ಭಾಗ ಓದಿರುವ ಧ್ವನಿಮುದ್ರಣ ಇದೆ. 1952ರ ಆಗಸ್ಟ್‌ನಲ್ಲಿ ಅವರು ಮಾಲ್ವರ್ನ್ ಊರಿನಲ್ಲಿ ಜಾರ್ಜ್ ಸೇಯರ್ ಎಂಬ ಗೆಳೆಯರ ಮನೆಗೆ ಹೋಗಿದ್ದರು. ಅಲ್ಲಿ ಟೇಪ್ ರೆಕಾರ್ಡರ್ ಇತ್ತು. ಅದರೊಳಗೆ ದೆವ್ವ ಇದ್ದರೆ ಓಡಿಹೋಗಲಿ ಅಂತ ಮೊದಲು ಗಾಥಿಕ್ ಭಾಷೆಯಲ್ಲಿ ಒಂದು ಪ್ರಾರ್ಥನೆ ಹೇಳಿದರಂತೆ. ಆಮೇಲೆ ತಮ್ಮ ಕಥೆ ಓದಿದರು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಆಗ ಇನ್ನೂ ಅಚ್ಚಾಗಿರಲಿಲ್ಲ. ಆ ಮುದ್ರಣ 1975ರಲ್ಲಿ, ಅವರು ತೀರಿಕೊಂಡ ಮೇಲೆ, ಎಲ್‌ಪಿ ರೆಕಾರ್ಡ್ ಆಗಿ ಬಂತು. ನಿಮ್ಮ ಆಡಿಯೋಬುಕ್‌ನ ಐದನೇ ಅಧ್ಯಾಯ ಮುಗಿದ ದಿನ ಅದನ್ನೂ ಹುಡುಕಿ ಕೇಳಿ. ‘ಗೊಲ್ಲಮ್’ ಅನ್ನುವ ಸದ್ದು ಅದನ್ನು ಕಟ್ಟಿದವರ ಗಂಟಲಿನಿಂದಲೇ ಬರುತ್ತದೆ.

ಹಾಡುಗಳನ್ನು ದಾಟಿಸಬೇಡಿ

ಪುಟದಲ್ಲಿ ಓದುವವರು ಹಾಡು ಬಂದರೆ ಜಿಗಿಯುತ್ತಾರೆ. ನಾನೂ ಜಿಗಿಯುತ್ತಿದ್ದೆ. ಆದರೆ ಡ್ವಾರ್ಫ್‌ಗಳು ಬಿಲ್ಬೋ ಮನೆಯಲ್ಲಿ ಹಾಡುವ ಹಾಡು ಕೇಳದಿದ್ದರೆ ಬಿಲ್ಬೋ ಯಾಕೆ ಮನೆ ಬಿಟ್ಟು ಹೊರಟ ಅನ್ನುವುದೇ ತಿಳಿಯುವುದಿಲ್ಲ. ಅವನ ಮನಸ್ಸು ಕದಲುವುದು ಆ ಹಾಡಿನಿಂದ. ಅರ್ಥ ಪೂರ್ತಿ ಆಗದಿದ್ದರೂ ಲಯ ಹಿಡಿಯಿರಿ. ಕುಮಾರವ್ಯಾಸನ ಷಟ್ಪದಿಯನ್ನು ಗಮಕಿ ಹಾಡುವಾಗ ಪ್ರತಿ ಪದದ ಅರ್ಥ ಗೊತ್ತಿದ್ದೇ ತಲೆದೂಗುತ್ತೇವಾ? ಮೊದಲು ಲಯ ಹತ್ತುತ್ತದೆ, ಅರ್ಥ ಹಿಂದೆ ಬರುತ್ತದೆ.

ಹೆಜ್ಜೆ 9: ದೊಡ್ಡ ಕಥೆಗೆ ಹೋಗುವಾಗ

‘ದಿ ಹಾಬಿಟ್’ ಮುಗಿದ ಮೇಲೆ ಒಂದು ವಾರ ಬಿಡಿ. ಆಮೇಲೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. 1954 ಮತ್ತು 1955ರಲ್ಲಿ ಮೂರು ಸಂಪುಟವಾಗಿ ಬಂದ ಒಂದೇ ಕಥೆ ಇದು. ಮೂರನ್ನೂ ಒಟ್ಟಿಗೆ ಕೊಳ್ಳಬೇಕಾಗಿಲ್ಲ, ಮೊದಲನೆಯದು ಹಿಡಿಸಿದರೆ ಮುಂದಿನದು. ಇಂಗ್ಲಿಸ್ ಓದು ಐವತ್ತು ಗಂಟೆ ದಾಟುತ್ತದೆ, ಸರ್ಕಿಸ್ ಓದು ಅರವತ್ತು ದಾಟುತ್ತದೆ. ದಿನಕ್ಕೊಂದು ಅಧ್ಯಾಯ ಅಂದರೆ ಎರಡು ತಿಂಗಳು.

ಶುರುವಿನಲ್ಲಿ ಹಾಬಿಟ್‌ಗಳ ಬಗ್ಗೆ ಒಂದು ಉದ್ದನೆಯ ಪೀಠಿಕೆ ಇದೆ. ಮೊದಲ ಸಲ ಅದನ್ನು ಬಿಟ್ಟು ನೇರ ಮೊದಲ ಅಧ್ಯಾಯಕ್ಕೆ ಹೋಗಿ. ಮೊದಲ ಸಂಪುಟದ ಎರಡನೇ ಭಾಗದಲ್ಲಿ ಎಲ್ರೊಂಡ್‌ನ ಸಭೆ ಬರುತ್ತದೆ. ಬಹಳ ಉದ್ದದ ಅಧ್ಯಾಯ, ಕೂತು ಮಾತಾಡುವುದೇ ಎಲ್ಲ. ಅದನ್ನು ಎರಡು ದಿನಕ್ಕೆ ಹಂಚಿಕೊಳ್ಳಿ. ಯಾರು ಯಾರು ಮಾತಾಡಿದರು ಅಂತ ಚೀಟಿಯಲ್ಲಿ ಒಂದೊಂದು ಹೆಸರು ಬರೆಯಿರಿ. ಅವರಲ್ಲಿ ಬಹುತೇಕರು ಮುಂದೆ ಬರುತ್ತಾರೆ.

ಎರಡನೇ ಸಂಪುಟಕ್ಕೆ ಸಿನಿಮಾ ನೋಡಿದವರು ತಯಾರಾಗಿರಬೇಕು. ಸಿನಿಮಾದಲ್ಲಿ ಅಲ್ಲೊಂದು ದೃಶ್ಯ, ಇಲ್ಲೊಂದು ದೃಶ್ಯ ಬರುತ್ತದೆ. ಪುಸ್ತಕದಲ್ಲಿ ಮೊದಲ ಅರ್ಧ ಪೂರ್ತಿ ಅರಗೊರ್ನ್ ಕಡೆಯವರದು. ಫ್ರೋಡೋ ಮತ್ತು ಸ್ಯಾಮ್ ಗಂಟೆಗಟ್ಟಲೆ ಕಿವಿಗೇ ಬೀಳುವುದಿಲ್ಲ. ಫೈಲ್ ಏನಾದರೂ ತಪ್ಪಾಯಿತಾ ಅಂತ ಗಾಬರಿ ಬೇಡ. ಎರಡನೇ ಅರ್ಧ ಪೂರ್ತಿ ಅವರದೇ.

ಕಿವಿಯಲ್ಲಿ ಕಲಸುವ ಜೋಡಿಗಳು ಇಲ್ಲಿ ಜಾಸ್ತಿ. ಸೌರೊನ್ ಮತ್ತು ಸರುಮನ್. ಬೊರೊಮಿರ್ ಮತ್ತು ಫರಮಿರ್. ಎಯೊಮೆರ್ ಮತ್ತು ಎಯೊವಿನ್. ಮಿನಾಸ್ ತಿರಿತ್ ಮತ್ತು ಮಿನಾಸ್ ಮೊರ್ಗುಲ್. ಹೊಸ ಚೀಟಿಯಲ್ಲಿ ಈ ಜೋಡಿಗಳನ್ನು ಅಕ್ಕಪಕ್ಕ ಬರೆದು, ಪ್ರತಿಯೊಂದರ ಮುಂದೆ ಒಂದೇ ಒಂದು ಮಾತು ಸೇರಿಸಿ: ಉಂಗುರದ ಒಡೆಯ, ಬಿಳಿ ಮಾಂತ್ರಿಕ, ಅಣ್ಣ, ತಮ್ಮ, ಅಣ್ಣ, ತಂಗಿ, ನಮ್ಮವರ ಕೋಟೆ, ಶತ್ರುವಿನ ಕೋಟೆ.

ಹೆಜ್ಜೆ 10: ಮನೆಯವರ ಜೊತೆ ಕೇಳುವುದು

ಇಂಗ್ಲಿಷ್ ಅಷ್ಟು ಬಾರದ ಮಕ್ಕಳೋ ಹಿರಿಯರೋ ಮನೆಯಲ್ಲಿದ್ದರೆ ಅವರನ್ನು ಬಿಟ್ಟು ಕೇಳಬೇಡಿ. ನಮ್ಮಲ್ಲಿ ಗಮಕ ವಾಚನಕ್ಕೆ ಇಬ್ಬರು ಕೂರುತ್ತಾರಲ್ಲ, ಒಬ್ಬರು ಕಾವ್ಯ ಹಾಡುವುದು, ಇನ್ನೊಬ್ಬರು ವ್ಯಾಖ್ಯಾನ ಹೇಳುವುದು. ಅದೇ ಪದ್ಧತಿ ಇಲ್ಲಿಗೆ ಸರಿಹೋಗುತ್ತದೆ. ಸ್ಪೀಕರ್ ಹಾಡಲಿ, ನೀವು ವ್ಯಾಖ್ಯಾನ ಹೇಳಿ. ಐದೈದು ನಿಮಿಷಕ್ಕೆ ನಿಲ್ಲಿಸಿ, ಆಗಿದ್ದನ್ನು ಕನ್ನಡದಲ್ಲಿ ಹೇಳಿ. ಮತ್ತೆ ಹಾಕಿ. ಒಂದು ಸಂಜೆಗೆ ಇಪ್ಪತ್ತು ನಿಮಿಷದ ಕಥೆ ಸಾಕು.

ಅಧ್ಯಾಯವನ್ನು ನೀವು ಮುಂಚೆಯೇ ಒಂದು ಸಲ ಕೇಳಿರಬೇಕು. ಇಲ್ಲದಿದ್ದರೆ ನಿಲ್ಲಿಸುವ ಜಾಗ ಗೊತ್ತಾಗುವುದಿಲ್ಲ. ನಿಲ್ಲಿಸಬೇಕಾದ್ದು ವಾಕ್ಯ ಮುಗಿದ ಕಡೆ ಅಲ್ಲ, ‘ಆಮೇಲೆ?’ ಅಂತ ಕೇಳುವ ಕಡೆ.

ಚೀಟಿಯನ್ನು ಕೈಯಲ್ಲೇ ಹಿಡಿದು ಕೂತುಕೊಳ್ಳಿ. ನಾನು ಒಂದು ದಿನ ಅದನ್ನು ಅಡುಗೆಮನೆಯಲ್ಲಿ ಬಿಟ್ಟು ಬಂದಿದ್ದೆ. ನೆನಪಿನಿಂದಲೇ ಹೇಳುತ್ತಿದ್ದೆ. ಅಣ್ಣನ ಮಗಳಿಗೆ ಆರು ವರ್ಷ. ತೊಡೆಯ ಮೇಲೆ ಮಲಗಿ ಅರೆನಿದ್ದೆಯಲ್ಲಿ ಇದ್ದಾಳೆ ಅಂದುಕೊಂಡಿದ್ದೆ. ತಟ್ಟನೆ ಎದ್ದು ಕೂತಳು.

“ಅತ್ತೆ, ಮೊದಲು ಬಂದಿದ್ದು ದ್ವಾಲಿನ್. ಅವನ ಟೋಪಿ ಹಸಿರು ಅಂತ ನಿನ್ನೆ ಹೇಳಿದ್ರಿ. ಇವತ್ತು ಕೆಂಪು ಅಂತೀರಲ್ಲ?”

ಎದ್ದು ಹೋಗಿ ಚೀಟಿ ತಂದೆ. ಹಸಿರು ದ್ವಾಲಿನ್‌ದು, ಕೆಂಪು ಬಾಲಿನ್‌ದು. ಅವಳು ಹೇಳಿದ್ದೇ ಸರಿ.